ನ್ಯಾಟ್ ಮಾಡಿದ ರಕ್ತ: ನಮ್ಮ ರಕ್ತ ಕೇಂದ್ರಕ್ಕೆ ಐದಕ್ಕೆ ನಾಲ್ಕು

ಮಗನಿಗೆ ಥಲಸ್ಸೇಮಿಯಾ, ಅಂದರೆ ದೇಹ ತಾನೇ ಸರಿಯಾಗಿ ರಕ್ತ ಮಾಡಿಕೊಳ್ಳದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಹಾಗಾಗಿ ಮೈಸೂರಿನ ರಕ್ತ ಕೇಂದ್ರಗಳ ಕೌಂಟರ್ ನನಗೆ ರೇಷನ್ ಅಂಗಡಿಯಷ್ಟೇ ಪರಿಚಯ. ಈಗ ಹೋಗುತ್ತಿರುವ ಖಾಸಗಿ ಕೇಂದ್ರದ ಹೆಸರು ಹಾಕುವುದಿಲ್ಲ, ಬೈಗುಳವೂ ಸ್ವಲ್ಪ ಇದೆ.

ಮೊದಲು ಒಳ್ಳೆಯದು. ಇಲ್ಲಿ ದಾನಿಯ ರಕ್ತಕ್ಕೆ ನ್ಯಾಟ್ ಮಾಡುತ್ತಾರೆ, ಅಂದರೆ ವೈರಸ್ಸಿನ ವಂಶವಾಹಿ ವಸ್ತುವನ್ನೇ ಹುಡುಕುವ ಪರೀಕ್ಷೆ. ನಮ್ಮ ದೇಶದಲ್ಲಿ ಇದು ಕಡ್ಡಾಯ ಅಲ್ಲ. ಕಡ್ಡಾಯ ಇರುವುದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ. ಹೆಪಟೈಟಿಸ್ ಬಿಗೆ ಎಲ್ಲ ಕಡೆ ನೋಡುವುದು ಎಚ್‌ಬಿಎಸ್‌ಎಜಿ, ಅಂದರೆ ವೈರಸ್ಸಿನ ಮೇಲ್ಮೈಯ ಪ್ರೋಟೀನು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ಲಂಬರ್ಗ್ ಕಂಡುಹಿಡಿದದ್ದು, 1976ರಲ್ಲಿ ಅವರಿಗೆ ನೊಬೆಲ್ ಬಂತು. ಒಳ್ಳೆಯ ಪರೀಕ್ಷೆಯೇ, ಎರಡು ಮಾತಿಲ್ಲ. ಆದರೆ ಕೆಲವರಲ್ಲಿ ವೈರಸ್ಸು ಲಿವರಿನಲ್ಲಿ ಅಡಗಿ ಕೂತಿರುತ್ತದೆ. ರಕ್ತದಲ್ಲಿ ಅದರ ಡಿಎನ್‌ಎ ಅಷ್ಟಿಷ್ಟು ಇದ್ದರೂ ಪ್ರೋಟೀನು ಮಾತ್ರ ಸಿಕ್ಕುವುದಿಲ್ಲ. ದಾನಿ ಗಟ್ಟಿಮುಟ್ಟಾಗಿರುತ್ತಾರೆ, ತಮಗೆ ಸೋಂಕಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ರಿಪೋರ್ಟ್ ನೆಗೆಟಿವ್, ಬ್ಯಾಗ್ ಪಾಸ್. ನ್ಯಾಟ್ ಹುಡುಕುವುದು ಆ ಡಿಎನ್‌ಎಯನ್ನೇ.

ಹಿಂದೆ ಹೋಗುತ್ತಿದ್ದ ಕಡೆ ಇದನ್ನು ಕೇಳಿದರೆ "ಎಲ್ಲಾ ಟೆಸ್ಟೂ ಆಗಿದೆ ಮೇಡಂ" ಅನ್ನುವುದು ಒಂದೇ ಉತ್ತರ. ಯಾವ ಟೆಸ್ಟ್ ಅಂದರೆ ಮುಖ ಗಂಟು. ಇಲ್ಲಿ ಕೌಂಟರಿನ ಹುಡುಗನಿಗೆ ಗೊತ್ತಿರಲಿಲ್ಲ, ಆದರೆ ಒಳಗಿನಿಂದ ಟೆಕ್ನಿಷಿಯನ್ನನ್ನು ಕರೆದ. ನಾನು ಕೇಳಿದ್ದು ಇಷ್ಟೇ: "ಒಂದೊಂದು ಸ್ಯಾಂಪಲ್ಲಿಗೂ ಬೇರೆ ಬೇರೆ ಮಾಡ್ತೀರಾ, ಇಲ್ಲಾ ಪೂಲ್ ಮಾಡ್ತೀರಾ?" ಆಕೆ ಒಂದು ಸಲ ನನ್ನ ಮುಖ ನೋಡಿ, "ಬೇರೆ ಬೇರೆನೇ ಮಾಡೋದು ಮೇಡಂ. ಬೆರೆಸಿದ್ರೆ ಕಮ್ಮಿ ಇರೋ ವೈರಸ್ಸು ತೆಳುವಾಗಿಬಿಡುತ್ತೆ" ಅಂದರು. ಸರಿಯಾದ ಮಾತು. ಕೆಲವು ಕಡೆ ಆರು ಜನರ ಸ್ಯಾಂಪಲ್ ಸೇರಿಸಿ ಒಂದೇ ಪರೀಕ್ಷೆ ಮಾಡುತ್ತಾರೆ. ಖರ್ಚು ಉಳಿಯುತ್ತದೆ. ಆದರೆ ಅಡಗಿದ ಹೆಪಟೈಟಿಸ್ ಬಿಯಲ್ಲಿ ವೈರಸ್ಸು ಇರುವುದೇ ಚೂರುಪಾರು, ಅದನ್ನೂ ಬೆರೆಸಿಬಿಟ್ಟರೆ ಮಿಷನ್ನಿಗೆ ಕಾಣದೆ ಹೋಗಬಹುದು.

ಆಕೆ ಇನ್ನೊಂದನ್ನೂ ಮುಚ್ಚಿಡಲಿಲ್ಲ. ನ್ಯಾಟ್ ಮಾಡಿದರೂ ನೂರಕ್ಕೆ ನೂರು ಗ್ಯಾರಂಟಿ ಇಲ್ಲವಂತೆ. ಅಮೆರಿಕದಲ್ಲಿ ಇದರ ಜೊತೆ ಆಂಟಿ-ಎಚ್‌ಬಿಸಿ ಅನ್ನುವ ಪರೀಕ್ಷೆಯನ್ನೂ ಮಾಡುತ್ತಾರೆ. ಹಿಂದೆ ಯಾವಾಗಲಾದರೂ ಸೋಂಕು ತಗುಲಿದ್ದರೆ ಅದು ಹೇಳುತ್ತದೆ. ನಮ್ಮಲ್ಲಿ ಹಾಗೆ ಸೋಂಕು ಬಂದು ವಾಸಿಯಾದವರು ಜಾಸ್ತಿ. ಈ ಪರೀಕ್ಷೆ ಮಾಡಿ ಅವರನ್ನೆಲ್ಲ ಬೇಡ ಅಂದರೆ ರಕ್ತದ ಬ್ಯಾಗಿಗೇ ಬರ ಬರುತ್ತದೆ. ಮಗನಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ, ಆಂಟಿಬಾಡಿ ಎಷ್ಟಿದೆ ಅಂತ ನೋಡಿಸಿದ್ದೀರಾ ಅಂತ ಆಕೆಯೇ ಕೇಳಿದರು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳ ಅಪ್ಪ ಅಮ್ಮ ಇದನ್ನು ಮರೆಯಬೇಡಿ.

ಬ್ಯಾಗಿನ ಲೇಬಲ್ಲೂ ಅಚ್ಚುಕಟ್ಟು. ಗುಂಪು, ಯೂನಿಟ್ ನಂಬರ್, ರಕ್ತ ತೆಗೆದ ದಿನ, ಎಕ್ಸ್‌ಪೈರಿ, ಕೊನೆಯಲ್ಲಿ ನ್ಯಾಟ್ ನಾನ್-ರಿಯಾಕ್ಟಿವ್ (ವೈರಸ್ಸು ಸಿಕ್ಕಿಲ್ಲ) ಅಂತ ಒಂದು ಸಾಲು. ಕಣ್ಣಿಗೆ ಕಾಣುವ ಅಕ್ಷರದಲ್ಲಿದೆ, ಅದೇ ದೊಡ್ಡದು.

ಇನ್ನು ಒಂದು ಸ್ಟಾರ್ ಯಾಕೆ ಕಡಿತ ಅಂದರೆ, ಬಿಲ್ಲು. ರಕ್ತ ಮಾರುವಂತಿಲ್ಲ, ತಗೊಳ್ಳುವುದು ಪ್ರೊಸೆಸಿಂಗ್ ಚಾರ್ಜ್ ಮಾತ್ರ ಅನ್ನುವುದು ಎಲ್ಲರಿಗೂ ಗೊತ್ತು. ಸರಿ, ಹಾಗಿದ್ದರೆ ನ್ಯಾಟಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಅಂತ ಬಿಡಿಸಿ ಬರೆಯೋಕೆ ಏನು ಕಷ್ಟ? ಒಂದೇ ಸಾಲಿನಲ್ಲಿ ಮೊತ್ತ ಗೀಚಿ ಕೊಡುತ್ತಾರೆ. ಇನ್ಶೂರೆನ್ಸಿನವರು ಅದನ್ನು ವಾಪಸ್ ಕಳಿಸುತ್ತಾರೆ, ಮತ್ತೆ ನಾವೇ ಅಲೆಯಬೇಕು. ಭಾನುವಾರ ಸಂಜೆ ಕೌಂಟರಿನಲ್ಲಿ ಒಬ್ಬನೇ ಇರುತ್ತಾನೆ, ಫೋನೂ ಅವನೇ, ಕ್ಯಾಶೂ ಅವನೇ. ಕ್ರಾಸ್‌ಮ್ಯಾಚಿಗೆ (ದಾನಿಯ ರಕ್ತ ಮಗನ ರಕ್ತಕ್ಕೆ ಹೊಂದುತ್ತದಾ ಅಂತ ನೋಡುವುದು) ಸ್ಯಾಂಪಲ್ ಕೊಟ್ಟು ಸುಮ್ನೆ ಕೂತಿರಬೇಕು.

ಆದ್ದರಿಂದ ಹಿಂದಿನ ದಿನವೇ ಸ್ಯಾಂಪಲ್ಲು, ಡಾಕ್ಟರ ಸಹಿ ಇರುವ ಫಾರಂ ತಲುಪಿಸಿಬಿಡಿ. ಐಸ್ ಬಾಕ್ಸ್ ಮನೆಯಿಂದಲೇ ತನ್ನಿ, ಅವರ ಹತ್ತಿರ ಇರುವುದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ.