ತೊಗರಿ ಹೊಲದಲ್ಲಿ ಸಿಂಪ್ಲೆಕ್ಸ್ ಪ್ಲಸ್: ಯಾವ ಸದ್ದಿಗೆ ಅಗೆಯಬೇಕು?

ಹೊಲದಲ್ಲಿ ಕಳೆದ ಒಡವೆ ಹುಡುಕಲೆಂದು ಮೆಟಲ್ ಡಿಟೆಕ್ಟರ್ ಕೊಳ್ಳುವವರು ಅದು ಎಷ್ಟು ಆಳದವರೆಗೆ ಕೆಲಸ ಮಾಡುತ್ತದೆ ಎಂದು ಮೊದಲು ವಿಚಾರಿಸುತ್ತಾರೆ. ಕಲಬುರಗಿ ಸೀಮೆಯ ಎರೆಹೊಲಗಳಲ್ಲಿ ಅದಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿ ಬೇರೆಯಿದೆ. ಒಂದು ಎಕರೆಯಲ್ಲಿ ಯಂತ್ರ ಅಸಂಖ್ಯ ಕಡೆ ಸದ್ದು ಮಾಡುತ್ತದೆ. ಅವುಗಳಲ್ಲಿ ಎಲ್ಲಿ ಖುರಪಿ ಊರಬೇಕು, ಎಲ್ಲಿ ದಾಟಿ ಮುಂದೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ಅದು ಎಷ್ಟು ನೆರವಾಗುತ್ತದೆ ಎಂಬುದೇ ಆ ಸಂಗತಿ. ನೋಕ್ಟಾ ಮ್ಯಾಕ್ರೋ ಕಂಪನಿಯ ಸಿಂಪ್ಲೆಕ್ಸ್ ಪ್ಲಸ್ ಯಂತ್ರವನ್ನು ಕಳೆ ತೆಗೆಯುವಾಗಲೂ ರಾಶಿ ಮಾಡುವಾಗಲೂ ಕಳೆದುಹೋದ ಉಂಗುರ, ನತ್ತು, ಕಾಲುಂಗುರಗಳನ್ನು ಹುಡುಕಲು ಬಳಸಿ ನೋಡಿ, ಈ ಒಂದು ದೃಷ್ಟಿಯಿಂದಲೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಯಂತ್ರದ ವಿವರ ಸರಳವಾಗಿದೆ. ಟರ್ಕಿಯಲ್ಲಿ ತಯಾರಾದ ಇದು 12 ಕಿಲೋಹರ್ಟ್ಸ್‌ನ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತದೆ. ತೂಕ ಸುಮಾರು 1.3 ಕಿಲೋ, ಜೊತೆಗೆ ಬರುವ, ನೆಲದ ಮೇಲೆ ಹಾಯಿಸುವ ತಟ್ಟೆಯಂಥ ಭಾಗವಾದ ಕಾಯಿಲ್‌ನ ಅಗಲ 28 ಸೆಂಟಿಮೀಟರ್. ಬ್ಯಾಟರಿ ಒಳಗೇ ಇದ್ದು ಯುಎಸ್‌ಬಿ ಕೇಬಲ್‌ನಿಂದ ಚಾರ್ಜ್ ಆಗುತ್ತದೆ. ಮೂರು ಮೀಟರ್ ಆಳದ ನೀರನ್ನೂ ತಡೆಯುವಂತೆ ಮಾಡಿರುವುದರಿಂದ ಮುಂಗಾರಿನಲ್ಲಿ ಹಸಿ ಮಣ್ಣು ಮೆತ್ತಿಕೊಂಡಾಗ ಇಡೀ ಯಂತ್ರವನ್ನು ತೊಳೆಯಬಹುದು, ಎರೆಮಣ್ಣಿನ ಅಂಟು ಬಲ್ಲವರಿಗೆ ಇದು ಸಣ್ಣ ಅನುಕೂಲವಲ್ಲ.

ಪರದೆಯ ಮೇಲೆ 00ಯಿಂದ 99ರವರೆಗೆ ಒಂದು ಅಂಕಿ ಮೂಡುತ್ತದೆ. ಕಾಯಿಲ್ ಹೊರಡಿಸುವ ಕಾಂತಕ್ಷೇತ್ರ ನೆಲದಲ್ಲಿರುವ ಲೋಹದಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟಿಸುತ್ತದೆ; ಆ ವಿದ್ಯುತ್ ತಿರುಗಿ ಕೊಡುವ ಉತ್ತರ ಎಷ್ಟು ತಡವಾಗಿ ಬಂತು ಎಂಬುದನ್ನು ಅಳೆದು ಯಂತ್ರ ಆ ಅಂಕಿಯನ್ನು ಕೊಡುತ್ತದೆ. ಕಬ್ಬಿಣ ಕೆಳತುದಿಯಲ್ಲಿ, ದಪ್ಪ ತಾಮ್ರ ಮತ್ತು ಬೆಳ್ಳಿ ಮೇಲ್ತುದಿಯಲ್ಲಿ, ಉಳಿದ ಬಹುಪಾಲು ಲೋಹಗಳು ನಡುವೆ ಬರುತ್ತವೆ. ಆದರೆ ಅಂಕಿಯನ್ನು ನಿರ್ಧರಿಸುವುದು ಲೋಹದ ಜಾತಿಯೊಂದೇ ಅಲ್ಲ. ವಸ್ತುವಿನ ಗಾತ್ರ, ದಪ್ಪ ಮತ್ತು ಆಕಾರಗಳೂ ಅಷ್ಟೇ ಪ್ರಭಾವ ಬೀರುತ್ತವೆ. ಆದ್ದರಿಂದ ಪರದೆಯಲ್ಲಿ ಕಾಣುವ ಅಂಕಿಯನ್ನು ಲೋಹದ ಹೆಸರೆಂದು ಓದಿದವರು ಚಿನ್ನವನ್ನು ದಾಟಿ ಹೋಗುವ ಸಂಭವವೇ ಹೆಚ್ಚು.

ಚಿನ್ನದ ಮಾತು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರಬೇಕು. ನಮ್ಮ ಕಡೆಯ ಒಡವೆಗಳು ಹೆಚ್ಚಾಗಿ ತೆಳುವಾದವು. ಬೋರಮಾಳದ ಗುಂಡು ಒಳಗೆ ಅರಗು ತುಂಬಿದ ತೆಳು ಚಿನ್ನದ ಹೊದಿಕೆ ಮಾತ್ರ; ನತ್ತಿನಲ್ಲಿ ತಂತಿಯಷ್ಟೇ ಲೋಹವಿರುತ್ತದೆ. ಇವು ಕೊಡುವ ಅಂಕಿ ನಡುಭಾಗದ ಕೆಳಗಿನ ಅಂಚಿನಲ್ಲಿ, ಅಲ್ಯೂಮಿನಿಯಂ ಹಾಳೆಯ ಚೂರು ಕೊಡುವ ಅಂಕಿಯ ಪಕ್ಕದಲ್ಲೇ ಇರುತ್ತದೆ. ತೊಗರಿ ಹೊಲವೆಂದರೆ ಅಂತಹ ಹಾಳೆಯ ಭಂಡಾರ. ಕಾಯಿಕೊರಕ ಹುಳುವಿಗೆ ಪ್ರತಿವರ್ಷ ಔಷಧಿ ಹೊಡೆಯುವಾಗ ಬಾಟಲಿಯ ಬಾಯಿಗೆ ಅಂಟಿಸಿದ ಮುದ್ರೆಯ ಹಾಳೆಯನ್ನು ಕಿತ್ತು ಅಲ್ಲಿಯೇ ಎಸೆಯುತ್ತಾರೆ. ಕೂಲಿಯವರು ನುಂಗಿದ ಮಾತ್ರೆಯ ಪಟ್ಟಿಗಳು ಬದುವಿನ ಮೇಲೆ ಬೀಳುತ್ತವೆ. ಈ ಕಸದ ಅಂಕಿಗಳನ್ನು ಬೇಸರಕ್ಕೆ ಮುಚ್ಚಿಬಿಟ್ಟರೆ, ಎಂದರೆ ಆ ಅಂಕಿಗಳಿಗೆ ಯಂತ್ರ ಸದ್ದು ಮಾಡದಂತೆ ಹೊಂದಿಸಿದರೆ, ನತ್ತೂ ಮುಚ್ಚಿಹೋಗುತ್ತದೆ. ಸಿಂಪ್ಲೆಕ್ಸ್ ಮಾತ್ರವಲ್ಲ, ಇದೇ ತತ್ತ್ವದ ಯಾವ ಯಂತ್ರವೂ ಚಿನ್ನ ಮತ್ತು ಅಲ್ಯೂಮಿನಿಯಂಗಳನ್ನು ಖಚಿತವಾಗಿ ಬೇರ್ಪಡಿಸಲಾರದು, ಹಾಗೆ ಬೇರ್ಪಡಿಸುತ್ತದೆ ಎನ್ನುವ ಮಾರಾಟಗಾರನ ಮಾತನ್ನು ನಂಬಬಾರದು.

ಹಾಗಿರುವಾಗ ಒಡವೆ ಹುಡುಕುವವರು ನಡುಭಾಗದ ಪ್ರತಿ ಸದ್ದಿಗೂ ಅಗೆಯಬೇಕೇ ಎಂದರೆ, ಮೇಲ್ಪದರದಲ್ಲಿರುವ ಪ್ರತಿಯೊಂದಕ್ಕೂ ಅಗೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಈ ಹಂಗಾಮಿನಲ್ಲಿ ಬಿದ್ದ ಉಂಗುರ ಸಾಮಾನ್ಯವಾಗಿ ಮೇಲಿನ ಕೆಲವೇ ಇಂಚಿನಲ್ಲಿರುತ್ತದೆ. ಖುರಪಿಯಿಂದ ಒಂದು ಹಿಡಿ ಮಣ್ಣೆತ್ತಿದರೆ ಉತ್ತರ ಸಿಗುತ್ತದೆ. ಪರದೆಯ ಆಳಸೂಚಕ ನಾಣ್ಯದ ಗಾತ್ರದ ವಸ್ತುವನ್ನು ಲೆಕ್ಕಕ್ಕಿಟ್ಟು ಹೇಳುವುದರಿಂದ ಸಣ್ಣ ಒಡವೆ ಇರುವುದಕ್ಕಿಂತ ಆಳದಲ್ಲಿದೆ ಎಂದೂ ದೊಡ್ಡ ಡಬ್ಬಿ ಇರುವುದಕ್ಕಿಂತ ಮೇಲಿದೆ ಎಂದೂ ತೋರಿಸಬಹುದು, ಈ ವ್ಯತ್ಯಾಸ ಗಮನದಲ್ಲಿರಲಿ. ಬೇಸಿಗೆಯಲ್ಲಿ ಎರೆಭೂಮಿ ಬಾಯ್ಬಿಟ್ಟಾಗ ಕಳೆದ ವಸ್ತುವಿನ ವಿಷಯ ಬೇರೆ. ಬಿರುಕಿಗೆ ಬಿದ್ದದ್ದು ಕೆಳಗೆ ಜಾರಿ, ಮಳೆ ಬಂದೊಡನೆ ಮೇಲೆ ಮಣ್ಣು ಕೂಡಿಕೊಳ್ಳುತ್ತದೆ. ಅಂತಹ ಹುಡುಕಾಟದಲ್ಲಿ ಮಂದವಾದ, ಅಂಕಿ ನಿಲ್ಲದ ಸದ್ದನ್ನೂ ಬಿಡುವಂತಿಲ್ಲ. ತೆಳು ಸರ ಕಳೆದಿದ್ದರೆ ಇನ್ನೂ ಕಷ್ಟ. ಯಂತ್ರ ಸರವನ್ನು ಇಡಿಯಾಗಿ ಕಾಣದೆ ಒಂದೊಂದೇ ಕೊಂಡಿಯಾಗಿ ಕಾಣುವುದರಿಂದ ಹೆಚ್ಚಾಗಿ ಕೇಳಿಸುವುದು ಅದರ ಕೊಕ್ಕೆ ಅಥವಾ ತಾಳಿಯ ಸದ್ದು.

ನಾಣ್ಯಗಳ ವಿಷಯದಲ್ಲಿ ವಿದೇಶದವರು ಕೊಡುವ ಸಲಹೆಯನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಅವರು ಕಬ್ಬಿಣದ ಅಂಕಿಗಳನ್ನು ಮುಚ್ಚಿ ನಡೆಯಿರಿ ಎನ್ನುತ್ತಾರೆ. ಅವರ ನಾಣ್ಯಗಳಲ್ಲಿ ಬಹಳಷ್ಟು ತಾಮ್ರ ಮತ್ತು ನಿಕ್ಕಲ್‌ನವು. ನಮ್ಮಲ್ಲಿ ಇಂದು ಓಡಾಡುವ ಒಂದು, ಎರಡು ರೂಪಾಯಿಯ ನಾಣ್ಯಗಳಲ್ಲಿ ಹೆಚ್ಚಿನವು ಅಯಸ್ಕಾಂತಕ್ಕೆ ಅಂಟುವ ಫೆರಿಟಿಕ್ ಸ್ಟೇನ್‌ಲೆಸ್ ಉಕ್ಕಿನವು. ಇವುಗಳ ಮೇಲೆ ಅಂಕಿ ನಿಲ್ಲದೆ ಹಾರಾಡುತ್ತದೆ ಮತ್ತು ಎಷ್ಟೋ ಸಲ ಕಬ್ಬಿಣದ ಕಡೆಗೇ ವಾಲುತ್ತದೆ. 2011ರ ಜೂನ್ 30ರಿಂದ ಚಲಾವಣೆ ನಿಂತ ಸಣ್ಣ ಪೈಸೆಗಳಲ್ಲಿ ಅಲ್ಯೂಮಿನಿಯಂನ ಐದು, ಹತ್ತು ಪೈಸೆಗಳು ಹಗುರವಾಗಿದ್ದರೂ ಸ್ವಚ್ಛವಾದ ಸದ್ದು ಕೊಡುತ್ತವೆ. ಹೀಗಾಗಿ ನಮ್ಮ ಹೊಲದಲ್ಲಿ ಕಬ್ಬಿಣವನ್ನು ಪೂರ್ತಿ ಮೂಕ ಮಾಡುವುದಕ್ಕಿಂತ ಅದರ ದನಿಯನ್ನು ತಗ್ಗಿಸಿಕೊಳ್ಳುವುದೇ ಲೇಸು. ಸಿಂಪ್ಲೆಕ್ಸ್‌ನಲ್ಲಿ ಕಬ್ಬಿಣದ ದನಿಗೆ ಪ್ರತ್ಯೇಕ ಹೊಂದಾಣಿಕೆ ಇರುವುದು ನನಗೆ ಬಹಳ ಮೆಚ್ಚುಗೆಯಾದ ಗುಣ.

ಆ ದನಿ ಕೇಳುತ್ತಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಎತ್ತಿನ ನಾಲಿನಿಂದ ಉದುರಿದ ಮೊಳೆ ಒಂದು ದಿಕ್ಕಿನಿಂದ ಕಾಯಿಲ್ ಹಾಯಿಸಿದಾಗ ಬೆಳ್ಳಿಯಂತೆ ಎತ್ತರದ ಸದ್ದು ಕೊಟ್ಟು, ಅಡ್ಡ ದಿಕ್ಕಿನಿಂದ ಹಾಯಿಸಿದಾಗ ಕಬ್ಬಿಣವಾಗಿಬಿಡುತ್ತದೆ. ಕಬ್ಬಿಣ ಮೂಕವಾಗಿದ್ದರೆ ಮೊದಲ ಸದ್ದು ಮಾತ್ರ ಕೇಳಿಸಿ ಅಗೆಯುವವರು ಮೋಸಹೋಗುತ್ತಾರೆ. ಪ್ರತಿ ಸದ್ದಿನ ಮೇಲೂ ಎರಡು ಅಡ್ಡ ದಿಕ್ಕುಗಳಿಂದ ಕಾಯಿಲ್ ಹಾಯಿಸಿ, ಅಂಕಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿ ನಿಂತರೆ ಅಗೆಯಬೇಕು. ವಸ್ತುವಿರುವ ನಿಖರ ಜಾಗ ತೋರಿಸುವ ಪಿನ್‌ಪಾಯಿಂಟ್ ಗುಂಡಿ ಒತ್ತಿದಾಗ ಸದ್ದಿನ ನಡುಬಿಂದು ಪಕ್ಕಕ್ಕೆ ಸರಿದರೆ ಅದು ಮೊಳೆ ಇರುವ ಸಾಧ್ಯತೆ ಹೆಚ್ಚು. ನಟ್ಟು, ವಾಷರ್‌ನಂತಹ ತೂತಿರುವ ಕಬ್ಬಿಣ ಮಾತ್ರ ಎರಡೂ ದಿಕ್ಕಿನಿಂದ ಎತ್ತರದ ಅಂಕಿ ತೋರಿ ಈ ಪರೀಕ್ಷೆಯಲ್ಲೂ ದಾಟಿಕೊಂಡುಬಿಡುತ್ತದೆ; ಟ್ರ್ಯಾಕ್ಟರ್ ತಿರುಗುವ ಹೊಲದ ತುದಿಯಲ್ಲಿ ಇದನ್ನು ತಪ್ಪಿಸಲಾಗದು. ಮುರಿದ ಕುಂಟೆಯ ಅಲಗಿನಂತಹ ದೊಡ್ಡ ಕಬ್ಬಿಣವೂ ಎತ್ತರದ ಅಂಕಿ ಕೊಡಬಲ್ಲದು, ಆದರೆ ಕಾಯಿಲನ್ನು ಒಂದು ಅಡಿ ಮೇಲೆತ್ತಿದರೂ ಅದರ ಸದ್ದು ಉಳಿದಿರುತ್ತದೆ. ಉಂಗುರದ ಸದ್ದು ಅಷ್ಟು ಎತ್ತರದಲ್ಲಿ ಅಡಗಿಹೋಗುತ್ತದೆ.

ಬೀದರ್ ಕಡೆ ಹೋದರೆ ನೆಲವೇ ಬದಲಾಗುತ್ತದೆ. ಆ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಅಂಶ ತುಂಬಿಕೊಂಡಿರುವುದರಿಂದ ಲೋಹವಿಲ್ಲದ ಕಡೆಯೂ ಯಂತ್ರ ಗದ್ದಲ ಮಾಡುತ್ತದೆ, ಕೆಲವು ಕಲ್ಲುಗಳು ಲೋಹದಂತೆಯೇ ಸದ್ದು ಕೊಡುತ್ತವೆ. ಇಲ್ಲಿ ನೆಲದ ಹೊಂದಾಣಿಕೆ, ಎಂದರೆ ಮಣ್ಣಿನ ಸದ್ದನ್ನು ಯಂತ್ರ ಲೆಕ್ಕಿಸದಂತೆ ಹೊಂದಿಸುವುದು, ಮಾಡದೆ ಒಂದು ಹೆಜ್ಜೆಯೂ ಇಡಬಾರದು. ಗುಂಡಿ ಒತ್ತಿಹಿಡಿದು ಕಾಯಿಲನ್ನು ನೆಲದ ಮೇಲೆ ಏರಿಳಿಸಿದರೆ ಸಿಂಪ್ಲೆಕ್ಸ್ ತಾನೇ ಹೊಂದಿಕೊಳ್ಳುತ್ತದೆ. ಕೈಯಿಂದ ತಿದ್ದುವ ಅವಕಾಶವೂ ಇದೆ. ಈ ದರ್ಜೆಯ ಎಷ್ಟೋ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲದೆ ಕಾರ್ಖಾನೆಯ ಹೊಂದಾಣಿಕೆಯೇ ಖಾಯಂ ಆಗಿರುತ್ತದೆ, ಜಂಬಿಟ್ಟಿಗೆ ನೆಲದವರು ಅಂಥದನ್ನು ಕೊಳ್ಳಲೇಬಾರದು. ಸೂಕ್ಷ್ಮತೆಯನ್ನು ಸ್ವಲ್ಪ ಇಳಿಸಿದರೆ ಆಳ ಕಡಿಮೆಯಾದರೂ ಉಳಿದ ಸದ್ದುಗಳು ನಂಬಿಕೆಗೆ ಯೋಗ್ಯವಾಗುತ್ತವೆ.

ಅಗೆಯಲೇಬಾರದ ಜಾಗಗಳೂ ಈ ಜಿಲ್ಲೆಗಳಲ್ಲಿ ಬಹಳ ಇವೆ. ಸನ್ನತಿ ಮತ್ತು ಕನಗನಹಳ್ಳಿ, ಕಲಬುರಗಿ ಮತ್ತು ಬೀದರಿನ ಕೋಟೆಗಳು, ಅಷ್ಟೂರಿನ ಗುಮ್ಮಟಗಳಂತಹ ರಕ್ಷಿತ ತಾಣಗಳಲ್ಲಿ ಅನುಮತಿಯಿಲ್ಲದೆ ಉತ್ಖನನ ಮಾಡುವುದನ್ನು 1958ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತಲಿನ ಹೊಲಗಳಲ್ಲಿ ಯಂತ್ರ ಹಿಡಿದು ತಿರುಗುವುದೂ ಸರಿಯಲ್ಲ. ಒಡವೆ ಹುಡುಕುತ್ತ ಹಳೆಯ ನಾಣ್ಯವೋ ತಾಮ್ರಶಾಸನವೋ ಕಂಡರೆ ಅಗೆತ ನಿಲ್ಲಿಸಿ, ವಸ್ತುವನ್ನು ಇದ್ದಲ್ಲೇ ಬಿಟ್ಟು ಜಿಲ್ಲಾಧಿಕಾರಿಗೆ ತಿಳಿಸಬೇಕು. ಯಾವ ಪದರದಲ್ಲಿ ಯಾವುದರ ಜೊತೆ ಇತ್ತು ಎಂಬುದು ಅಳಿದ ಮೇಲೆ ಆ ವಸ್ತು ಇತಿಹಾಸಕಾರರಿಗೆ ಹೇಳುವುದು ಬಹಳ ಕಡಿಮೆ. ನಿಧಿಯಾಸೆಯಿಂದ ಯಂತ್ರ ಕೊಳ್ಳಹೊರಟವರಿಗೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕೊರತೆಯೆಂದರೆ 28 ಸೆಂಟಿಮೀಟರಿನ ಕಾಯಿಲ್ ಹಾಳೆಚೂರು ದಟ್ಟವಾಗಿರುವ ಕಣದ ಸುತ್ತ ಎರಡು ಮೂರು ವಸ್ತುಗಳನ್ನು ಒಂದೇ ಸಲ ಕಂಡು ಅಂಕಿಯನ್ನು ಕಲಸಿಬಿಡುತ್ತದೆ. ಅಂತಹ ಕಡೆ ನಿಧಾನವಾಗಿ, ಚಿಕ್ಕ ಚಿಕ್ಕ ಬೀಸಿನಲ್ಲಿ ನಡೆಯಬೇಕು. ಪ್ರತ್ಯೇಕವಾಗಿ ಸಿಗುವ ಚಿಕ್ಕ ಕಾಯಿಲ್ ಕೊಂಡರೆ ಇನ್ನೂ ಒಳ್ಳೆಯದು. ತೊಗರಿ ಬೆಳೆಯುವ ಒಂದು ಊರಿನವರು ಸೇರಿ ಒಂದು ಯಂತ್ರ ಇಟ್ಟುಕೊಳ್ಳುವುದಾದರೆ, ಯಂತ್ರದೊಂದಿಗೆ ಆ ಚಿಕ್ಕ ಕಾಯಿಲನ್ನೂ ಮೊದಲೇ ತರಿಸಿಕೊಳ್ಳಲಿ.