ಹಸಿರು ಪರದೆ ತೆಗೆಯೋಕೆ ರಿಸಾಲ್ವಾ, ಆಫ್ಟರ್ ಎಫೆಕ್ಟ್ಸಾ, ಒಬಿಎಸ್ಸಾ?

ವಿಡಿಯೊದಲ್ಲಿ ಹಿಂದಿನ ಹಸಿರು ಪರದೆ ತೆಗೆದು ಬೇರೆ ಹಿನ್ನೆಲೆ ಹಾಕೋಕೆ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮಡಿಕೇರಿಯ ಮನೆಯಲ್ಲೇ ಶೂಟ್ ಮಾಡ್ತೀರಿ, ಅಲ್ವಾ? ಹಾಗಾದರೆ ದುಡ್ಡಿಗಿಂತ ಬೆಳಕು ದೊಡ್ಡ ವಿಷಯ. ಮಳೆಗಾಲದ ಮಂಕಿನಲ್ಲಿ ಪರದೆಯ ಹಸಿರು ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. ಕೂದಲ ಅಂಚು ಹಾಳಾಗುವುದು ಇಲ್ಲೇ. ಇದಕ್ಕೆ ಡಾವಿಂಚಿ ರಿಸಾಲ್ವ್‌ನ ಡೆಲ್ಟಾ ಕೀಯರ್ (ಪರದೆಯ ಬಣ್ಣ ತೆಗೆಯುವ ಸಾಧನ) ಜೊತೆ ಕ್ಲೀನ್ ಪ್ಲೇಟ್ (ಬರೀ ಪರದೆಯ ಚಿತ್ರ ತಯಾರಿಸಿ ಹಸಿರಿನ ಏರುಪೇರು ಸರಿದೂಗಿಸುವ ಸಾಧನ) ಬಳಸಿ. ಉಚಿತ ಆವೃತ್ತಿಯಲ್ಲೇ ಸಿಗುತ್ತದೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ನೋಡ್‌ಗಳನ್ನು (ಒಂದಕ್ಕೊಂದು ಜೋಡಿಸುವ ಕೆಲಸದ ಹಂತಗಳು) ಕಲಿಯೋಕೆ ತಾಳ್ಮೆಯೂ ಬೇಕು.

ಆಫ್ಟರ್ ಎಫೆಕ್ಟ್ಸ್‌ನ ಕೀಲೈಟ್ (ಪರದೆ ತೆಗೆಯುವ ಸಾಧನ) ಕಲಿಯಲು ಸುಲಭ, ಕೂದಲಿಗೂ ಚೆನ್ನ. ಚಂದಾ ಮಾತ್ರ ಕಟ್ಟುತ್ತಲೇ ಇರಬೇಕು. ಕೆಲಸದಿಂದ ದುಡ್ಡು ಬರುವವರಿಗೆ ಅದು ಸರಿ.

ಲೈವ್ ಪಾಠಕ್ಕಾದರೆ ನೇರಪ್ರಸಾರದ ಸಾಫ್ಟ್‌ವೇರ್ ಒಬಿಎಸ್ ಸಾಕು. ಪೂರ್ತಿ ಉಚಿತ, ಅಂಚು ಸ್ವಲ್ಪ ಒರಟು.

ಹಸಿರು ಸೀರೆ ಉಟ್ಟಿದ್ದರೆ ನೀಲಿ ಪರದೆ ಕಟ್ಟಿ. ಮೂರರಲ್ಲೂ ನೀಲಿ ತೆಗೆಯಬಹುದು.