ಪಾರ್ಟ್ ಲೋಡ್ ಹಾಕುವ ಮುಂಚೆ ‘ಚಾರ್ಜ್ಡ್ ವೇಟ್’ ಎಷ್ಟು ಅಂತ ಕೇಳಿ

ಹುಬ್ಬಳ್ಳಿ, ಹಾವೇರಿ, ಗದಗ ಕಡೆಯಿಂದ ಪುಣೆ ಲೈನಿಗೆ ಗಾಡಿ ಓಡಿಸುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ಪಾರ್ಟ್ ಲೋಡ್ ಅಂದರೆ ಹಲವರ ಮಾಲು ಒಂದೇ ಗಾಡಿಗೆ. ಟನ್ನಿಗೆ ರೇಟ್ ಜಾಸ್ತಿ ಅಂತ ಏಜೆಂಟರು ಕರೆಯುತ್ತಾರೆ. ಗಾಡಿ ತುಂಬಾ ಹಗುರ ಮಾಲು ತುಂಬಿಸುತ್ತಾರೆ. ಆಮೇಲೆ ಕಾಟಾ (ಗಾಡಿ ತೂಗುವ ವೇಬ್ರಿಜ್) ತೂಕಕ್ಕೆ ಮಾತ್ರ ಬಾಡಿಗೆ ಎಣಿಸುತ್ತಾರೆ. ನನಗೆ ಆಗಿದ್ದನ್ನು ಲೆಕ್ಕದ ಸಮೇತ ಬರೆಯುತ್ತೇನೆ. ಏಜೆಂಟ್ ಹೆಸರು ಬರೆಯುವುದಿಲ್ಲ. ಇಂಥವರ ಬೋರ್ಡು ವರ್ಷಕ್ಕೊಮ್ಮೆ ಬದಲಾಗುತ್ತೆ, ಲೆಕ್ಕ ಮಾತ್ರ ಬದಲಾಗಲ್ಲ.

ನನ್ನದು ಆರು ಚಕ್ರದ ಗಾಡಿ, 20 ಅಡಿ ಬಾಡಿ. ಮಾಲೀಕನೂ ನಾನೇ, ಡ್ರೈವರೂ ನಾನೇ. ಆ ವಾರ ಪುಣೆಗೆ ಫುಲ್ ಲೋಡ್ 18,000 ರೂಪಾಯಿಗೆ ಮಾತಾಗುತ್ತಿತ್ತು, ಆದರೆ ಸರದಿ ಉದ್ದ ಇತ್ತು. ಅಷ್ಟರಲ್ಲಿ ಈ ಏಜೆಂಟ್ ಫೋನ್ ಬಂತು. “ಟನ್ನಿಗೆ 2,400 ಕೊಡ್ತೀನ್ರಿ. ಬ್ಯಾಡಗಿಯೊಳಗ ಮೆಣಸಿನಕಾಯಿ ಹಾಕ್ಕೋರಿ, ಉಳಿದದ್ದು ಹುಬ್ಬಳ್ಳಿಯೊಳಗ ತುಂಬಿಸ್ತೀನಿ. ಗಾಡಿ ಫುಲ್ ಆಗ್ತದ, ಏನ್ ಚಿಂತಿ ಮಾಡಬ್ಯಾಡ್ರಿ.”

ಅವರು ಹೇಳಿದ್ದು ಸುಳ್ಳಲ್ಲ. ಗಾಡಿ ಫುಲ್ ಆಯಿತು. ತೂಕ ಆಗಲಿಲ್ಲ, ಅಷ್ಟೇ.

ಒಣ ಮೆಣಸಿನಕಾಯಿ ಚೀಲ ನೋಡಲು ದೊಡ್ಡದು, ಎತ್ತಿದರೆ ಹಗುರ. ಬಾಡಿಯ 14 ಅಡಿ ಅದಕ್ಕೇ ಹೋಯಿತು. ಹುಬ್ಬಳ್ಳಿಗೆ ಬಂದರೆ ಉಳಿದ ಮಾಲು ರೆಡಿ ಇರಲಿಲ್ಲ. ಗೋಕುಲ ರೋಡಿನಲ್ಲಿ ಗಾಡಿ ನಿಲ್ಲಿಸಿಕೊಂಡು “ಈಗ ಬರ್ತದ, ಈಗ ಬರ್ತದ” ಅನ್ನುವುದನ್ನು ಕೇಳುತ್ತಾ ಕೂತಿದ್ದಾಯಿತು. ಕೊನೆಗೆ ಬಂದಿದ್ದು ಕೊಲ್ಹಾಪುರಕ್ಕೆ ಹೋಗುವ ಪ್ಲಾಸ್ಟಿಕ್ ಸಾಮಾನಿನ 72 ಬಾಕ್ಸ್. ಉಳಿದ ಆರು ಅಡಿಯೂ ತುಂಬಿತು. ತಾಡಪತ್ರಿ ಹಾಕಿ, ಹಗ್ಗ ಬಿಗಿದು, ಗಬ್ಬೂರ ಬೈಪಾಸ್ ಹತ್ತಿರ ಕಾಟಾ ಮಾಡಿಸಿದೆ. ಮಾಲಿನ ತೂಕ 4,570 ಕೆಜಿ. ಟನ್ನಿಗೆ 2,400ರಂತೆ 10,968 ರೂಪಾಯಿ. ಹತ್ತು ಟನ್ ಎಳೆಯುವ ಗಾಡಿ, ಒಂದು ಚೀಲಕ್ಕೂ ಜಾಗ ಇಲ್ಲದ ಹಾಗೆ ತುಂಬಿದೆ, ಬಾಡಿಗೆ ಹನ್ನೊಂದು ಸಾವಿರವೂ ಇಲ್ಲ. ಅದು ಡೀಸೆಲ್ಲಿಗೆ, ಟೋಲಿಗೆ ಸರಿಹೋಗುತ್ತೆ. ಟೈರು, ಇಎಂಐ ಯಾರು ಕಟ್ಟಬೇಕು?

ಫೋನ್ ಮಾಡಿ ಕೇಳಿದರೆ, “ಮಾತಾಡಿದ್ದು ಟನ್ ಲೆಕ್ಕ ಅಲ್ರೀ? ಪಾರ್ಟಿ ನಮಗೂ ಅಷ್ಟೇ ಕೊಡೋದು” ಅಂದರು.

ಪಾರ್ಟಿ, ಅಂದರೆ ಮಾಲಿನವರು, ಎಷ್ಟು ಕೊಡುತ್ತಾರೆ ಅನ್ನುವುದು ಕೊಲ್ಹಾಪುರದಲ್ಲಿ ಗೊತ್ತಾಯಿತು. ಆ ಬಾಕ್ಸ್‌ಗಳು ‘ಟು ಪೇ’. ಅಂದರೆ ಬಾಡಿಗೆ ಕೊಡುವವರು ಮಾಲು ಇಳಿಸಿಕೊಳ್ಳುವವರು. ಅಂಗಡಿಯವರು ದುಡ್ಡು ಕೊಟ್ಟ ಮೇಲೆ ತಮ್ಮ ಬಿಲ್ಟಿ (ಮಾಲು ಸಾಗಣೆಯ ರಸೀದಿ) ಕಾಪಿಯನ್ನು ಟೇಬಲ್ ಮೇಲಿಟ್ಟರು. ನನ್ನ ಕೈಗೆ ಕೊಟ್ಟ ಕಾಪಿಯಲ್ಲಿ ಬಾಕ್ಸ್ ಎಣಿಕೆ ಬಿಟ್ಟರೆ ಏನೂ ಇರಲಿಲ್ಲ. ಅವರದರಲ್ಲಿ ತೂಕಕ್ಕೆ ಎರಡು ಕಾಲಂ ಇದ್ದವು. ‘ಆ್ಯಕ್ಚುಯಲ್ ವೇಟ್’ 1,152 ಕೆಜಿ. ಪಕ್ಕದಲ್ಲೇ ‘ಚಾರ್ಜ್ಡ್ ವೇಟ್’ 2,880 ಕೆಜಿ. ಬಾಡಿಗೆ ಹಿಡಿದಿದ್ದು ಎರಡನೆಯದಕ್ಕೆ.

ಇದು ಕಳ್ಳ ಲೆಕ್ಕ ಅಲ್ಲ, ಟ್ರಾನ್ಸ್‌ಪೋರ್ಟ್ ಲೈನಿನಲ್ಲಿ ಎಲ್ಲರೂ ಮಾಡುವ ಲೆಕ್ಕವೇ. ಬಾಕ್ಸಿನ ಉದ್ದ, ಅಗಲ, ಎತ್ತರ ಇಂಚಿನಲ್ಲಿ ಅಳೆದು ಗುಣಿಸಿ, 1,728ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತೆ. ಒಂದು ಘನ ಅಡಿಗೆ ಇಷ್ಟು ಕೆಜಿ ಅಂತ ಹಿಡಿಯುತ್ತಾರೆ. ಕೆಲವರು ಆರು, ಕೆಲವರು ಎಂಟು, ಕೆಲವರು ಹತ್ತು. ನಮ್ಮ ಬಾಕ್ಸ್ 24, 18, 16 ಇಂಚು. ಗುಣಿಸಿದರೆ 6,912, ಅಂದರೆ ಸರಿಯಾಗಿ ನಾಲ್ಕು ಘನ ಅಡಿ. ಹತ್ತರಂತೆ 40 ಕೆಜಿ. ಕಾಟಾದಲ್ಲಿ ಅದೇ ಬಾಕ್ಸ್ 16 ಕೆಜಿ. ಹಗುರ ಮಾಲು ಜಾಗ ತಿನ್ನುತ್ತೆ, ಅದಕ್ಕೆ ಜಾಗದ ದುಡ್ಡು ಕೊಡಿ ಅಂತ ಪಾರ್ಟಿಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಜಾಗ ಯಾರದು? ಗಾಡಿಯದು. ಪಾರ್ಟಿ ಹತ್ತಿರ 40 ಕೆಜಿಗೆ ವಸೂಲಿ ಮಾಡಿ, ಗಾಡಿಯವನಿಗೆ 16 ಕೆಜಿಗೆ ಎಣಿಸಿದರೆ ಮಧ್ಯದ 24 ಕೆಜಿ ಬಾಡಿಗೆ ಏಜೆಂಟ್ ಜೇಬಿಗೆ. ಕಮಿಷನ್ ಬೇರೆ. ಆ 72 ಬಾಕ್ಸಿಗೆ ನನಗೆ ಸಿಕ್ಕಿದ್ದು 2,765 ರೂಪಾಯಿ. ಚಾರ್ಜ್ಡ್ ವೇಟ್ ಮೇಲೆ ಎಣಿಸಿದ್ದರೆ 6,912 ಆಗುತ್ತಿತ್ತು. ಮೆಣಸಿನಕಾಯಿಗೆ ಚೀಲಕ್ಕಿಷ್ಟು ಅಂತ ಹಿಡಿದಿದ್ದರಂತೆ. ಅದನ್ನು ಪುಣೆಯ ಅಂಗಡಿಯವರು ಹೇಳಿದರು. ನನಗೆ ಮಾತ್ರ ಅದೂ ಕಾಟಾ ಲೆಕ್ಕ.

ಆಟ ಅಲ್ಲಿಗೇ ನಿಲ್ಲಲಿಲ್ಲ. ಬಾಕ್ಸ್ ಇಳಿದು ಬಾಡಿಯಲ್ಲಿ ಆರು ಅಡಿ ಖಾಲಿಯಾದದ್ದೇ ತಡ, ಫೋನ್. “ಜಾಗ ಅದ ಅಲ್ರೀ, ಶಿರೋಲಿಯೊಳಗ ಮೂರು ಟನ್ ಕಾಸ್ಟಿಂಗ್ ಐತಿ, ಭೋಸರಿಗೆ. ಅದೇ ರೇಟ್ ಕೊಡ್ತೀನಿ.” ಸರಿ ಅಂತ ಹಾಕಿಕೊಂಡೆ. ಗಾಡಿ ತುಂಬುವ ಪದ್ಧತಿ ಬಲ್ಲವರಿಗೆ ಇದರ ತೊಂದರೆ ಹೇಳಬೇಕಾಗಿಲ್ಲ. ಭಾರ ಕೆಳಗೆ ಇರಬೇಕು, ಮುಂದೆ ಇರಬೇಕು. ಕೊನೆಗೆ ಇಳಿಯುವ ಮಾಲು ಮೊದಲು ಏರಬೇಕು. ಇಲ್ಲಿ ಮುಂದೆಲ್ಲ ಹಗುರ ಚೀಲ, ಹಿಂದೆ ಮೂರು ಟನ್ ಕಬ್ಬಿಣ. ಖಂಬಾಟ್ಕಿ ಘಾಟಿನಲ್ಲಿ ಸ್ಟೇರಿಂಗ್ ಕೈಯಲ್ಲಿ ಹಗುರ ಹಗುರ ಅನ್ನಿಸುತ್ತಿತ್ತು. ಪುಣೆಯಲ್ಲಿ ಮೆಣಸಿನಕಾಯಿ ಇಳಿಯಬೇಕಾದ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್ ಮೊದಲು ಸಿಗುತ್ತೆ, ಭೋಸರಿ ಊರಿನ ಆ ತುದಿ. ಕಾಸ್ಟಿಂಗ್ ಇಳಿಸದೆ ಚೀಲ ಮುಟ್ಟುವ ಹಾಗಿಲ್ಲ. ಭೋಸರಿಗೆ ಹೋಗಿ, ಇಳಿಸಿ, ವಾಪಸ್ ಬಂದು, ನೋ ಎಂಟ್ರಿ ಟೈಮ್ ಮುಗಿಯುವವರೆಗೆ ಹೊರಗೆ ಕಾದು ಮಾರ್ಕೆಟ್ ಯಾರ್ಡ್ ಸೇರಿದೆ. ಆ ಸುತ್ತಾಟಕ್ಕೆ ಡೀಸೆಲ್ ಇಲ್ಲ, ಕಾದಿದ್ದಕ್ಕೆ ಹಾಲ್ಟಿಂಗ್ ದುಡ್ಡೂ ಇಲ್ಲ.

ನಾನಂತೂ ಸ್ವಂತ ಗಾಡಿಯವನು. ಬಾಡಿಗೆಯಲ್ಲಿ ಪರ್ಸೆಂಟೇಜ್ ತೆಗೆದುಕೊಳ್ಳುವ, ಇಲ್ಲ ಟ್ರಿಪ್ಪಿಗೆ ಇಷ್ಟು ಬತ್ತೆ ಅಂತ ಓಡುವ ಡ್ರೈವರ್ ತಮ್ಮಂದಿರ ಕಥೆ ಇನ್ನೂ ಕಷ್ಟ. ಒಂದು ಫುಲ್ ಲೋಡ್‌ಗೆ ಹಿಡಿಯುವ ದಿನ ಮೂರು ಡೆಲಿವರಿಗೆ ಎರಡರಷ್ಟಾಗುತ್ತೆ, ಕೈಗೆ ಬರುವುದು ಅಷ್ಟೇ.

ಇನ್ನು ಈ-ವೇ ಬಿಲ್, ಅಂದರೆ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಚೀಟಿ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ ಅವಧಿ. ಬ್ಯಾಡಗಿಯಿಂದ ಪುಣೆಗೆ 500 ದಾಟುತ್ತೆ, ಹಾಗಾಗಿ ಮೂರು ದಿನ. ಪಾರ್ಟ್ ಲೋಡ್‌ನಲ್ಲಿ ಒಬ್ಬೊಬ್ಬ ಪಾರ್ಟಿಯ ಬಿಲ್ ಬೇರೆ ಬೇರೆ. ಮೊದಲು ಏರಿದ ಮಾಲಿನ ಗಡಿಯಾರ ಮೊದಲೇ ಓಡಲು ಶುರು ಮಾಡಿರುತ್ತೆ. ಹುಬ್ಬಳ್ಳಿಯಲ್ಲಿ ಅವರು ಕಾಯಿಸಿದ್ದಕ್ಕೆ ಮೆಣಸಿನಕಾಯಿ ಬಿಲ್ ದಾರಿಯಲ್ಲೇ ಮುಗಿಯಿತು. ಮುಗಿಯುವ ಮುಂಚಿನ ಎಂಟು ಗಂಟೆ, ಮುಗಿದ ಮೇಲಿನ ಎಂಟು ಗಂಟೆಯೊಳಗೆ ಅವಧಿ ವಿಸ್ತರಿಸಬಹುದು. ಹತ್ತು ಸಲ ಫೋನ್ ಮಾಡಿಸಿಕೊಂಡು ವಿಸ್ತರಿಸಿದರು. ಚೆಕಿಂಗ್‌ನಲ್ಲಿ ಸಿಕ್ಕಿದ್ದರೆ ಮಾಲಿನ ಜೊತೆ ಗಾಡಿಯೂ ನಿಲ್ಲುತ್ತಿತ್ತು.

ಕೊನೆಗೆ ಬಾಕಿ ಬಾಡಿಗೆಯ ಲೆಕ್ಕ, ಬ್ಯಾಲೆನ್ಸ್ ಚೀಟಿ ಬಂತು. ಕಾಸ್ಟಿಂಗ್‌ಗೆ ‘ಅದೇ ರೇಟ್’ ಅಂದವರು “ಅರ್ಧ ದಾರಿ, ಅರ್ಧ ರೇಟ್” ಅಂತ ಟನ್ನಿಗೆ 1,200 ಹಿಡಿದಿದ್ದರು. ಒಟ್ಟು 14,568. ಅದರಲ್ಲಿ ಕಮಿಷನ್, ಹಮಾಲಿ, ಬಿಲ್ಟಿ ಚಾರ್ಜ್, ಲೇಟ್ ಡೆಲಿವರಿ, ಈ-ವೇ ಬಿಲ್ ವಿಸ್ತರಿಸಿದ ಚಾರ್ಜ್ (ಹೌದು, ಅದಕ್ಕೂ), ಟಿಡಿಎಸ್ (ಆದಾಯ ತೆರಿಗೆ ಅಂತ ಮೊದಲೇ ಹಿಡಿಯುವ ದುಡ್ಡು) 2 ಪರ್ಸೆಂಟ್. ಮೇಲೆ ಎರಡು ಚೀಲ ಕಮ್ಮಿ ಅಂತ 2,000 ರೂಪಾಯಿ ತಡೆದಿದ್ದಾರೆ. ನನ್ನ ಪಿಒಡಿ (ಮಾಲು ತಲುಪಿದ್ದಕ್ಕೆ ಕೊಡುವ ರಸೀದಿ) ಮೇಲೆ ಸೀಲು, ಸಹಿ ಇದೆ, ಕಮ್ಮಿ ಅನ್ನುವ ಒಂದಕ್ಷರ ಇಲ್ಲ. ಪಾರ್ಟಿ ಬರೆದುಕೊಟ್ಟ ಕಾಗದ ತೋರಿಸಿ ಅಂದರೆ ಮಾತು ಬದಲಿಸುತ್ತಾರೆ.

ಈಗ ಪಾರ್ಟ್ ಲೋಡ್ ಅಂತ ಯಾರು ಫೋನ್ ಮಾಡಿದರೂ ಗಾಡಿ ಹಚ್ಚುವ ಮುಂಚೆ ವಾಟ್ಸಾಪ್‌ನಲ್ಲಿ ಇದನ್ನು ಹಾಕುತ್ತೇನೆ. ಬೇಕಾದರೆ ನೀವೂ ಬಳಸಿ: “ಬಾಡಿಗೆ ಬಿಲ್ಟಿಯ ಚಾರ್ಜ್ಡ್ ವೇಟ್ ಮೇಲೆ. ಬಾಡಿ ತುಂಬಿದರೆ ತೂಕ ಎಷ್ಟೇ ಇರಲಿ ಕನಿಷ್ಠ 8 ಟನ್ ಬಾಡಿಗೆ. ಹಮಾಲಿ ನಿಮ್ಮದು. ದಾರಿಯಲ್ಲಿ ಹೊಸ ಮಾಲು ಹಾಕಿದರೆ ರೇಟ್ ಮೊದಲೇ ಬರೆದು ಕಳಿಸಿ. ನೀವು ಕಾಯಿಸಿದರೆ ಹಾಲ್ಟಿಂಗ್. ಎಲ್ಲಾ ಬಿಲ್ಟಿ ಫೋಟೊ ಕಳಿಸಿ. ಒಪ್ಪಿಗೆನಾ?” ‘ಒಪ್ಪಿಗೆ’ ಅಂತ ಉತ್ತರ ಬರುವವರೆಗೆ ಹಗ್ಗ ಬಿಚ್ಚುವುದಿಲ್ಲ. ಅರ್ಧ ಜನ ಉತ್ತರವನ್ನೇ ಕೊಡುವುದಿಲ್ಲ. ಅವರು ಎಂಥವರು ಅನ್ನುವುದು ಅಲ್ಲೇ ಗೊತ್ತಾಗುತ್ತೆ ಅಲ್ವಾ?

ಇನ್ನೊಂದು. ಹಲವರ ಮಾಲು ಒಟ್ಟುಗೂಡಿಸಿ, ರಸೀದಿ ಕೊಟ್ಟು ಸಾಗಿಸುವವರು 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಪ್ರಕಾರ ಕಾಮನ್ ಕ್ಯಾರಿಯರ್. ಅವರಿಗೆ ನೋಂದಣಿ ಕಡ್ಡಾಯ. ನೋಂದಣಿ ನಂಬರ್ ಕೇಳಿ. ಸುಮ್ನೆ ನಗುತ್ತಾ “ಅದೆಲ್ಲ ಯಾಕ್ರೀ ನಿಮಗ” ಅಂದರೆ ಬೇರೆ ಲೋಡ್ ನೋಡಿಕೊಳ್ಳಿ.

ಟಿಡಿಎಸ್ ವಿಷಯ ಗೊತ್ತಿಲ್ಲದವರಿಗೆ: ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ನಂಬರ್ ಜೊತೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವ ಹಾಗೇ ಇಲ್ಲ. ನಾನು ಲೋಡ್ ಹಾಕುವ ದಿನವೇ ಕೊಟ್ಟಿದ್ದೆ. ಆದರೂ ಕತ್ತರಿಸಿದರು. ಕತ್ತರಿಸಿದ್ದು ಸರ್ಕಾರಕ್ಕಾದರೂ ಹೋಯಿತಾ ಅಂತ ಆಡಿಟರ್ ಹತ್ತಿರ ಫಾರ್ಮ್ 26ಎಎಸ್ (ನಮ್ಮ ಪ್ಯಾನ್‌ಗೆ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ತೋರಿಸುವ ಪಟ್ಟಿ) ತೆಗೆಸಿ ನೋಡಿದರೆ ಅದರಲ್ಲಿ ಇವರ ಹೆಸರೇ ಇಲ್ಲ. ಚೀಟಿ, ಕಾಟಾ ಸ್ಲಿಪ್, ಕೊಲ್ಹಾಪುರದ ಬಿಲ್ಟಿ ಫೋಟೊ ಮೂರನ್ನೂ ಸೇರಿಸಿ ವಕೀಲರಿಂದ ನೋಟಿಸ್ ಕಳಿಸಿದ್ದೇನೆ. ನಿಮ್ಮ ಹತ್ತಿರವೂ ಇಂಥ ಚೀಟಿ ಇದ್ದರೆ ಹರಿದು ಹಾಕಬೇಡಿ, ಮೊದಲು 26ಎಎಸ್ ನೋಡಿಸಿ.